ಫ್ರೆಂಚ್ ರಾಕ್ಸಿಗೆ ಹೋದದ್ದು

ನಮ್ಮ ಸೋದರಮಾವ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟರಾಗಿದ್ದರು. ಲಕ್ಷ್ಮೀಪುರಂ ಮನೆಯ ನಡುಮನೆ ಗೋಡೆಗೆ ಹಳೇ ಮೈಸೂರು ಸಂಸ್ಥಾನದ ನಕಾಶೆಯೊಂದನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಅಂಚೆಲ್ಲ ಗೆದ್ದಲು ತಿಂದು, ತಲಕಾಡಿನ ಮೇಲೆ ಕಾಫಿ ಕಲೆ ಬಿದ್ದಿದ್ದರೂ ಅದನ್ನು ತೆಗೆಯಲು ಅತ್ತೆಗೆ ಅಪ್ಪಣೆ ಇರಲಿಲ್ಲ. ಈಗ ಹೇಳುವ ಕತೆಗೆ ಆ ನಕಾಶೆಯೇ ಮೂಲ. ಆ ತೆಂಗಿನ ಮಟ್ಟೆ ಇನ್ನೊಂದಿಷ್ಟು ಬೆಂಕಿಗೆ ತಳ್ಳಿ, ಚಳಿ ಜಾಸ್ತಿಯಾಗಿದೆ. ಹ್ಞಾಂ, ಹೇಳುತ್ತೇನೆ.

ಅದು 1978ರ ಜನವರಿ. ನಾನು ಪಿಯುಸಿಯಲ್ಲಿದ್ದೆ. ಹಿತ್ತಲ ಕೋಣೆಯಲ್ಲಿ ಒಬ್ಬ ಫ್ರೆಂಚ್ ಯುವಕ ಬಾಡಿಗೆಗಿದ್ದ. ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿ ಓದಲು ಬಂದವನು. 1905ರಲ್ಲಿ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿದ್ದು ಆ ಸಂಸ್ಥೆಯ ಓಲೆಗರಿಗಳಲ್ಲೇ ಅಂತ ನಮಗಿಂತ ಅವನಿಗೇ ಹೆಚ್ಚು ಹೆಮ್ಮೆ. ಗ್ರಂಥಲಿಪಿ ಓದುತ್ತಿದ್ದ, ಸಂಸ್ಕೃತ ಮಾತಾಡುತ್ತಿದ್ದ. ತರಕಾರಿಯವಳ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡಲು ಮಾತ್ರ ಬರುತ್ತಿರಲಿಲ್ಲ. ಅಜ್ಜಿಗೆ ಅವನು ‘ಪರದೇಶಿ ಮಗು’. ಬೆಳಿಗ್ಗೆ ಕಾಫಿ ಕುಡಿಯಲು ನಡುಮನೆಗೆ ಬರುತ್ತಿದ್ದವನು ಒಂದು ದಿನ ಲೋಟ ಕೈಯಲ್ಲಿ ಹಿಡಿದು ನಕಾಶೆ ಮುಂದೆ ನಿಂತುಬಿಟ್ಟ. ಶ್ರೀರಂಗಪಟ್ಟಣದ ಮೇಲುಗಡೆ, ರೈಲು ಗೆರೆಯ ಪಕ್ಕ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಒಂದು ಊರಿನ ಹೆಸರಿತ್ತು: ಫ್ರೆಂಚ್ ರಾಕ್ಸ್.

‘ಇದು ಎಲ್ಲಿದೆ?’ ಅಂದ.

‘ಪಾಂಡವಪುರ. ರೈಲಲ್ಲಿ ಹೋದರೆ ಗಂಟೆಯೊಳಗೆ ಸಿಗುತ್ತೆ,’ ಅಂದರು ಮಾವ.

‘ಅಲ್ಲಿ ಫ್ರೆಂಚರು ಇದ್ದಾರಾ?’

ಮಾವ ಜೋರಾಗಿ ನಕ್ಕರು. ‘ಇದ್ದರು. ನೋಡೋಣ ಬಾ.’

ಆ ಭಾನುವಾರವೇ ಹೊರಟೆವು. ಅತ್ತೆ ಪುಳಿಯೋಗರೆಯನ್ನೂ ಮೊಸರನ್ನವನ್ನೂ ಬೇರೆ ಬೇರೆ ಮುತ್ತುಗದೆಲೆಯಲ್ಲಿ ಕಟ್ಟಿ ಚೀಲಕ್ಕೆ ಹಾಕಿದರು. ಮೀಟರ್ ಗೇಜಿನ ಕಾಲ. ಕಲ್ಲಿದ್ದಲ ಉಗಿಬಂಡಿ ಮೈಸೂರು ಬಿಟ್ಟು ನಾಗನಹಳ್ಳಿ ದಾಟುವ ಹೊತ್ತಿಗೆ ಕಿಟಕಿ ಪಕ್ಕ ಕೂತವರ ಕಣ್ಣಿಗೆ ಕಿಡಿ ಬಿದ್ದು ಉಜ್ಜಿಕೊಳ್ಳಬೇಕಾಗುತ್ತಿತ್ತು. ಕಾವೇರಿ ಸೇತುವೆ ಬಂತು. ಮಾಗಿಯ ನದಿ, ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು. ಫ್ರೆಂಚ್ ಹುಡುಗ ಬಾಗಿಲಿಗೆ ಹೋಗಿ ನಿಂತ. ಸೇತುವೆ ಮುಗಿದು ಇನ್ನೊಂದು ಕವಲಿನ ಸೇತುವೆ ಬರುವವರೆಗೂ ಕದಲಲಿಲ್ಲ. ವಾಪಸು ಬಂದು, ‘ನಮ್ಮೂರಿಗೂ ನದಿಯೇ ಗೋಡೆ,’ ಅಂದ. ಫ್ರಾನ್ಸಿನ ಲ್ವಾರ್ ನದಿ ದಂಡೆಯ ಒಂದು ಸಣ್ಣ ಊರು ಅವನದು. ಒಂದೇ ಬೀದಿ, ಒಂದು ಇಗರ್ಜಿ, ನಡುಮಧ್ಯಾಹ್ನ ಎಲ್ಲ ಅಂಗಡಿಯೂ ಬಾಗಿಲು ಹಾಕುವ ಊರು. ಬೇಸಿಗೆಯಲ್ಲಿ ಲ್ವಾರ್ ನದಿಯೂ ಮರಳುದಿಬ್ಬಗಳ ನಡುವೆ ಸಣಕಲಾಗಿ ಹರಿಯುತ್ತದಂತೆ. ಏರಿದರೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ‘1846, 1856, 1866. ಹತ್ತು ವರ್ಷಕ್ಕೊಮ್ಮೆ ಬಂತು. ನೀರು ಎಲ್ಲಿಯವರೆಗೆ ನಿಂತಿತ್ತು ಅಂತ ಗೋಡೆ ಕಲ್ಲಿನ ಮೇಲೆ ಗೆರೆ ಕೊರೆದು ಇಸವಿ ಕೆತ್ತಿದ್ದಾರೆ. ನಾನು ಚಿಕ್ಕವನಿದ್ದಾಗ ನನ್ನ ಎತ್ತರ ಅಳೆದುಕೊಳ್ಳುತ್ತಿದ್ದದ್ದು ಆ ಗೆರೆಯಲ್ಲೇ.’

ಎದುರು ಸೀಟಿನಲ್ಲಿದ್ದ ಅಜ್ಜನಿಗೆ ಮಾವ ಇದನ್ನೆಲ್ಲ ಕನ್ನಡ ಮಾಡಿ ಹೇಳಿದರು. ಅಜ್ಜ ಎಲೆಅಡಿಕೆ ಒತ್ತರಿಸಿಕೊಂಡು, ‘ನಮ್ಗೂ ಇಪ್ಪತ್ನಾಕ್ರಾಗೆ ಬಂದಿತ್ತು ಕಣಪ್ಪ. ಕನ್ನಂಬಾಡಿ ಕಟ್ಟೆ ಇನ್ನೂ ಎಬ್ಬುಸ್ತಾ ಇದ್ರು. ನಮ್ಮಪ್ಪ ಎಮ್ಮೆ ಬಾಲ ಇಡ್ಕೊಂಡು ದಡ ಸೇರಿದ್ನಂತೆ,’ ಅಂದ. 1924ರ ನೆರೆ. ಹುಡುಗ ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡ, ಎಮ್ಮೆಯನ್ನೂ ಸೇರಿಸಿ.

ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದೆವು. ಸ್ಟೇಷನ್ನಿಗೂ ಊರಿಗೂ ದೂರ. ಜಟಕಾದವನೊಬ್ಬ ಹುಡುಗನ ಕೂದಲ ಬಣ್ಣ ನೋಡಿ ಬಾಡಿಗೆ ಎರಡರಷ್ಟು ಹೇಳಿದ. ಮಾವನ ಬಾಯಲ್ಲಿ ಅಚ್ಚ ಮಂಡ್ಯದ ಮಾತು ಕೇಳಿ ಮಾಮೂಲಿಗೆ ಇಳಿದ. ‘ಫ್ರೆಂಚ್ ರಾಕ್ಸಿಗೆ ಹೋಗಬೇಕು’ ಅಂತ ಹುಡುಗ ತಾನೇ ಹೇಳಿ ನೋಡಿದ. ಜಟಕಾದವನಿಗೆ ಏನೂ ಹತ್ತಲಿಲ್ಲ. ಅವನ ಪಕ್ಕ ಕೂತಿದ್ದ ಮುದುಕ ಮಾತ್ರ, ‘ಓ, ಇರೋಡೆ! ದಂಡಿತ್ತಲ್ಲ, ಅದ್ಕೆ ಆ ಎಸ್ರು,’ ಅಂದ. ಹಿರೋಡೆ ಅನ್ನುವುದು ಊರಿನ ಹಳೇ ಹೆಸರು. ಹೈದರನ ಕಾಲದಲ್ಲೂ ಟಿಪ್ಪುವಿನ ಕಾಲದಲ್ಲೂ ಅವರ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿಯ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ನಕಾಶೆಯಲ್ಲಿ ಹಾಗೆ ಗುರುತು ಹಾಕಿದರು. ರೈಲು ಬಂದಾಗ ಸ್ಟೇಷನ್ನಿಗೂ ಅದೇ ಹೆಸರಾಯಿತು. ಆಮೇಲೆ ಬೆಟ್ಟದ ಪಾಂಡವರ ಕತೆ ಗೆದ್ದು ಪಾಂಡವಪುರವಾಯಿತು.

ದಾರಿಯುದ್ದಕ್ಕೂ ಕಬ್ಬಿನ ಗಾಡಿ. ಸಕ್ಕರೆ ಕಾರ್ಖಾನೆಗೆ ಹೋಗುವ ಎತ್ತಿನ ಗಾಡಿಗಳು ಒಂದರ ಹಿಂದೆ ಒಂದು ನಿಂತು, ಗಾಡಿಯವರು ನೊಗದ ಕೆಳಗೇ ಮಲಗಿ ನಿದ್ದೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ನಾಲೆ ತುಂಬಿ ಹರಿಯುತ್ತಿತ್ತು. ದಾಖಲೆಯಲ್ಲಿ ಅದು ವಿಶ್ವೇಶ್ವರಯ್ಯ ನಾಲೆ, ಮುದುಕನ ಬಾಯಲ್ಲಿ ಇನ್ನೂ ಇರ್ವಿನ್ ನಾಲೆ. ಮೂವತ್ತರ ದಶಕದಲ್ಲಿ ಕನ್ನಂಬಾಡಿ ನೀರು ಇದರಲ್ಲಿ ಇಳಿಯುವ ಮೊದಲು ಈ ಸೀಮೆಯ ಬಹುಪಾಲು ರಾಗಿ ಹೊಲ. ಈಗ ಕಣ್ಣು ಹಾಯುವಷ್ಟೂ ಕಬ್ಬು, ಭತ್ತ, ತೆಂಗು.

ಕುಂತಿಬೆಟ್ಟ ಹತ್ತುವುದು ಹುಡುಗಾಟವಲ್ಲ. ಎರಡು ಬೋಳು ಬಂಡೆಗುಡ್ಡ, ನಡುವೆ ಕೊಳ. ಅರ್ಧ ದಾರಿ ಮೆಟ್ಟಿಲಿನ ನೆಪ ಇರುತ್ತದೆ, ಆಮೇಲೆ ಅಂಗೈ ಅಂಗಾಲು ಎರಡನ್ನೂ ಊರಿಯೇ ಹೋಗಬೇಕು. ಮಾವ ಪಂಚೆ ಎತ್ತಿ ಕಟ್ಟಿ ಮುಂದೆ. ಹುಡುಗ ಬೂಟು ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡ. ಅರ್ಧದಲ್ಲಿ ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. ಇಲ್ಲಿ ಫ್ರಾನ್ಸಿನವರು ಇದ್ದರಂತಲ್ಲಮ್ಮ ಅಂತ ಮಾವ ಸುಮ್ಮನೆ ಕೆಣಕಿದರು. ‘ಅದ್ಯಾರೋ ನಂಗೊತ್ತಿಲ್ಲ ಬುದ್ದಿ. ಇಲ್ಲಿದ್ದದ್ದು ಕುಂತವ್ವ. ಆಗ್ಲಿಲ್ನೋಡಿ, ಅದು ಬೀಮಪ್ಪನ ಎಜ್ಜೆ. ಬಕಾಸುರುನ್ನ ಒಡದದ್ದೂ ಇಲ್ಲೇಯ.’ ಬಂಡೆಯಲ್ಲಿ ಮಳೆನೀರು ನಿಂತು ಸವೆದ ಹಳ್ಳವೊಂದನ್ನು ತೋರಿಸಿದಳು. ಹುಡುಗ ತನ್ನ ಬರಿಗಾಲು ಅದರಲ್ಲಿಟ್ಟು ನೋಡಿದ. ಇಟ್ಟರೂ ಮುಕ್ಕಾಲು ಪಾಲು ಖಾಲಿ ಉಳಿಯಿತು. ಹೆಂಗಸು ಸೆರಗು ಬಾಯಿಗೆ ಒತ್ತಿ ನಕ್ಕಳು.

ತುದಿಯಲ್ಲಿ ಗಾಳಿ ಒದ್ದುಕೊಂಡು ಬರುತ್ತಿತ್ತು. ಪುಳಿಯೋಗರೆ ಬಿಚ್ಚಿದೆವು. ಎಲೆಯ ಮೇಲೆ ಕಲ್ಲು ಇಡದಿದ್ದರೆ ಹಾರಿಹೋಗುತ್ತಿತ್ತು. ಅಲ್ಲಿ ಕೂತ ಮೇಲೆ ಮಾವನ ಮೇಷ್ಟ್ರಗಿರಿ ಎದ್ದು ನಿಂತಿತು.

‘ಇಲ್ಲಿ ಯಾಕೆ ದಂಡು ಇಟ್ಟರು ಹೇಳು,’ ಅಂತ ನನ್ನನ್ನು ಕೇಳಿದರು. ನನಗೆ ತೋಚಲಿಲ್ಲ. ಬೆರಳು ತೋರಿಸಿದರು: ದಕ್ಷಿಣಕ್ಕೆ ಶ್ರೀರಂಗಪಟ್ಟಣ, ಎರಡು ಹರಿದಾರಿಯೂ ಇಲ್ಲ, ವಾಯವ್ಯಕ್ಕೆ ತೊಣ್ಣೂರು ಕೆರೆ, ಅದರಾಚೆ ಮೇಲುಕೋಟೆ ಗುಡ್ಡ. ‘ಎತ್ತರದಲ್ಲಿ ಕಾವಲು, ಬುಡದಲ್ಲಿ ನೀರು. ಸಾವಿರಾರು ಜನ, ಅದರ ಎರಡರಷ್ಟು ಎತ್ತು, ಕುದುರೆ. ನೀರಿಲ್ಲದ ಕಡೆ ಯಾವ ದಂಡೂ ಮೂರು ದಿನ ನಿಲ್ಲಲ್ಲ. ಅದಕ್ಕೇ 1792ರ ಫೆಬ್ರವರಿಯಲ್ಲಿ ಪಟ್ಟಣ ಮುತ್ತಲು ಬಂದ ಕಾರ್ನ್‌ವಾಲಿಸನೂ ಡೇರೆ ಹೊಡೆದದ್ದು ಇದೇ ಬೆಟ್ಟದ ಕೆಳಗೆ. ಫ್ರೆಂಚರು ಕೂತ ಜಾಗದಲ್ಲೇ ಇಂಗ್ಲಿಷರು ಕೂತರು.’

ತೊಣ್ಣೂರು ಕೆರೆಯ ಕತೆ ಅಲ್ಲೇ ಹೇಳಿದ್ದು. ರಾಮಾನುಜಾಚಾರ್ಯರ ಹೆಸರು ಹೊತ್ತ ಹಳೇ ಕೆರೆ ಅದು. 1746ರಲ್ಲಿ ಬಂದ ನಾಸಿರ್‌ಜಂಗ್ ಅದರ ತಿಳಿನೀರು ನೋಡಿ ಮೋತಿ ತಲಾಬ್ ಅಂತ ಕರೆದನಂತೆ. 1799ರಲ್ಲಿ ಇಂಗ್ಲಿಷರ ಸೈನ್ಯ ಬರುತ್ತಿದೆ ಅಂತ ಗೊತ್ತಾದಾಗ ಅವರಿಗೆ ನೀರು ದಕ್ಕಬಾರದೆಂದು ಟಿಪ್ಪುವೇ ಅದರ ಏರಿ ಒಡೆಸಿದ ಅಂತ ಗೆಜೆಟಿಯರಿನಲ್ಲಿದೆ. ‘ಕೆರೆ ಕಟ್ಟಿಸಿದರೆ ಪುಣ್ಯ ಅಂತ ಶಾಸನ ಬರೆಸುವ ಸೀಮೆಯಲ್ಲಿ ದೊರೆ ತಾನೇ ಏರಿ ಒಡೆಸಬೇಕಾಗಿ ಬಂತು ನೋಡು, ಯುದ್ಧ ಅಂದರೆ ಅದು,’ ಅಂದರು ಮಾವ.

‘ಆ ಫ್ರೆಂಚ್ ಸಿಪಾಯಿಗಳು ಏನಾದರು?’ ಹುಡುಗ ಕೇಳಿದ. ಅವನಿಗೆ ಬೇಕಾಗಿದ್ದದ್ದು ಅದೇ. ಕಣ್ಣು ಬಂಡೆಯ ಮೇಲೆಲ್ಲ ಆಡುತ್ತಿತ್ತು; ಎಲ್ಲಾದರೂ ಒಂದು ಹೆಸರು, ಒಂದು ಇಸವಿ ಕೊರೆದಿರಬಹುದೇ ಅಂತ. ಕೊರೆದದ್ದೇನೋ ಬೇಕಾದಷ್ಟಿತ್ತು. ಎಲ್ಲ ಪಾಂಡವಪುರದ ಕಾಲೇಜು ಹುಡುಗರದು, ಬಾಣ ಚುಚ್ಚಿದ ಹೃದಯದ ಸಮೇತ.

ಇಳಿದು ಬರುವಾಗ ಒಂದು ಆಲೆಮನೆಗೆ ನುಗ್ಗಿದೆವು. ಹೊಗೆಯ ವಾಸನೆಯೇ ಕರೆದುಕೊಂಡು ಹೋಯಿತು. ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಬಿಟ್ಟು ಎದ್ದು ಬಂದು, ‘ಬನ್ನಿ ಬುದ್ದಿ, ಕಬ್ಬಿನಾಲು ಕುಡೀರಿ’ ಅಂತ ಹಿತ್ತಾಳೆ ಚೊಂಬು ತುಂಬಿ ಕೊಟ್ಟ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುವವನೊಬ್ಬ, ಉದ್ದ ಕೈಯ ಸಟ್ಟುಗದಿಂದ ಕಲ್ಮಶ ತೆಗೆಯುವವನೊಬ್ಬ. ಹದ ನೋಡುವ ಮುದುಕ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಆ ಉಂಡೆಯನ್ನು ಕೊಪ್ಪರಿಗೆಯ ಅಂಚಿಗೆ ಹೊಡೆದ. ಟಣ್ ಅಂದಿತು. ‘ಇಳ್ಸ್ರೋ!’ ಅಂತ ಕೂಗಿದ. ನಾಲ್ವರು ಗಳು ಕೊಟ್ಟು ಕೊಪ್ಪರಿಗೆ ಎತ್ತಿದರು. ಅಚ್ಚಿಗೆ ಸುರಿದು ಉಳಿದದ್ದನ್ನು ಬಾಳೆಲೆ ಚೂರಿನ ಮೇಲೆ ಹಾಕಿ ಹುಡುಗನ ಮುಂದೆ ಹಿಡಿದರು. ಆತುರದಲ್ಲಿ ಬಾಯಿಗಿಟ್ಟು ನಾಲಗೆ ಸುಟ್ಟುಕೊಂಡು ಅವನು ಕುಣಿದದ್ದು ನೋಡಿ ಆಲೆಮನೆಯೇ ನಕ್ಕಿತು. ಫ್ರಾನ್ಸಿನ ದಂಡು ಅಲ್ಲಿ ಬಾಳಿದ್ದ ವರ್ಷಗಳಲ್ಲಿ ಯಾವ ಸಿಪಾಯಿಯಾದರೂ ಹೀಗೆ ನಾಲಗೆ ಸುಟ್ಟುಕೊಂಡಿರಲೇಬೇಕು, ಅದು ಮಾತ್ರ ಯಾವ ಕಾಗದದಲ್ಲೂ ಸಿಗಲ್ಲ ಅಂದರು ಮಾವ.

ಮಧ್ಯಾಹ್ನ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಬಂದೆವು. ‘ನಿನಗೆ ಫ್ರೆಂಚರು ಬೇಕಲ್ಲ, ಬಾ ತೋರಿಸ್ತೀನಿ,’ ಅಂತ ಮಾವ ನೇರ ದರಿಯಾದೌಲತ್ತಿಗೆ ಕರೆದುಕೊಂಡು ಹೋದರು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಸುತ್ತ ಮೈಸೂರಿನ ಕುದುರೆ. ಒಂದು ಕಡೆ ಟೋಪಿ ಹಾಕಿ, ದುರ್ಬೀನು ಕಣ್ಣಿಗಿಟ್ಟ ಒಬ್ಬ ಅಧಿಕಾರಿ. ಅವನೇ ಲಾಲಿ, ಹೈದರನ ಪಾಳಯದ ಫ್ರೆಂಚ್ ತುಕಡಿಯ ನಾಯಕ. ಹುಡುಗ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಕಾವಲಿನವನು ಗದರಿದ ಮೇಲೆ ಹಿಂದೆ ಸರಿದ. ‘ಯುದ್ಧದ ನಡುವೆ ನಿಂತು ಇವನು ದೂರದ್ದನ್ನು ನೋಡ್ತಿದ್ದಾನೆ. ನಮ್ಮ ಜನ ಇಲ್ಲಿಗೆ ಬಂದದ್ದೂ ಹಾಗೇ. ನೋಡ್ತಿದ್ದದ್ದು ಇಂಗ್ಲೆಂಡನ್ನು, ನಿಂತಿದ್ದದ್ದು ಮೈಸೂರಿನಲ್ಲಿ,’ ಅಂದ. ಆ ಚಿತ್ರ ನಿಂತದ್ದೂ ಒಂದು ತಮಾಷೆಯೇ. ಸೋಲಿನ ಚಿತ್ರ ಅಂತ ಇಂಗ್ಲಿಷರು ಅಳಿಸಲಿಲ್ಲ. ಪಟ್ಟಣ ಬಿದ್ದ ಮೇಲೆ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ರಿಪೇರಿ ಮಾಡಿಸಿದ. ಮಾಸಿದಾಗ ಡಾಲ್‌ಹೌಸಿ ಮತ್ತೆ ಬರೆಸಿದ.

ಮರದ ನೆರಳಲ್ಲಿ ಕೂತು ಮೊಸರನ್ನ ತಿನ್ನುತ್ತ ಮಾವ ಉಳಿದದ್ದನ್ನು ಹೇಳಿದರು. ಟಿಪ್ಪುವಿನ ಮೂವರು ರಾಯಭಾರಿಗಳು 1788ರ ಜೂನಿನಲ್ಲಿ ತೂಲೋಂ ಬಂದರಿಗೆ ಇಳಿದು, ಆಗಸ್ಟ್ 10ಕ್ಕೆ ವರ್ಸೇಲ್ಸಿನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಕೇಳಿದ್ದು ಸೈನ್ಯ, ದೊರೆತದ್ದು ಉಪಚಾರ, ಪಿಂಗಾಣಿ ಸಾಮಾನು, ಒಂದಿಷ್ಟು ಕುಶಲಕರ್ಮಿಗಳು. ವಿಜೇ ಲ ಬ್ರನ್ ಅನ್ನುವ ಹೆಸರಾಂತ ಚಿತ್ರಗಾರ್ತಿ ಆ ರಾಯಭಾರಿಗಳಲ್ಲಿ ಮುಹಮ್ಮದ್ ದರ್ವೇಶ್ ಖಾನನ ಚಿತ್ರ ಬರೆದಳು. ಬಿಳಿ ಮಸ್ಲಿನ್ ಅಂಗಿ, ಕೈಯಲ್ಲಿ ಖಡ್ಗ. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿ ಎದ್ದು, ಕೊನೆಗೆ ರಾಜನೇ ಹೋದ. ಆಮೇಲೆ 1797ರಲ್ಲಿ ರಿಪೋ ಎಂಬ ಹಡಗಿನ ಸಾಹಸಿ ಮಂಗಳೂರಿಗೆ ಬಂದು ಬಿದ್ದ. ಅವನೂ ಪಟ್ಟಣದಲ್ಲಿದ್ದ ಫ್ರೆಂಚರೂ ಸೇರಿ ಕ್ರಾಂತಿ ಸಂಘ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ತೋಪು ಹಾರಿಸಿ, ಟಿಪ್ಪುವನ್ನು ‘ನಾಗರಿಕ’ ಅಂತ ಕರೆದರಂತೆ. ಆ ಕಾಗದಪತ್ರ ಪೂರ್ತಿ ನಿಜವೋ ಇಂಗ್ಲಿಷರ ಕೈವಾಡವೋ ಅಂತ ವಿದ್ವಾಂಸರಲ್ಲಿ ಇವತ್ತಿಗೂ ಜಗಳವಿದೆ. ಟಿಪ್ಪುವಿನ ಕಡೆಯವರು ಮಾರಿಷಸ್ಸಿಗೆ ಹೋಗಿ ಸಹಾಯ ಕೇಳಿದಾಗ 1798ರಲ್ಲಿ ಬಂದಿಳಿದವರು ನೂರರ ಆಸುಪಾಸು ಜನ. ಸಹಾಯಕ್ಕೆ ಸಾಲದು, ಇಂಗ್ಲಿಷರಿಗೆ ಯುದ್ಧದ ನೆಪಕ್ಕೆ ಧಾರಾಳವಾಯಿತು.

‘ಕೊನೆಗೆ ಟಿಪ್ಪು ನಂಬಿದ್ದು ನದಿಯನ್ನೇ,’ ಅಂದರು ಮಾವ. ‘1791ರ ಮೇ ತಿಂಗಳಲ್ಲಿ ಮಳೆ ಬಂದು ಕಾರ್ನ್‌ವಾಲಿಸ್ ತನ್ನ ತೋಪುಗಳನ್ನು ತಾನೇ ಒಡೆದು ಹಾಕಿ ವಾಪಸು ಹೋಗಿದ್ದ. 1799ರಲ್ಲೂ ಇನ್ನೆರಡು ವಾರ ತಡೆದಿದ್ದರೆ ಕಾವೇರಿ ಏರುತ್ತಿತ್ತು. ಇಂಗ್ಲಿಷರಿಗೂ ಅದು ಗೊತ್ತಿತ್ತು. ಮೇ 4ರ ಸುಡುಮಧ್ಯಾಹ್ನ, ನೀರು ತಗ್ಗಿದ್ದ ಕಡೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಿಬಿಟ್ಟರು.’

ಅಷ್ಟಕ್ಕೇ ವಾಪಸು ಬಂದುಬಿಟ್ಟಿದ್ದರೆ ನಾನು ಇದನ್ನು ನಿಮಗೆ ಹೇಳುತ್ತ ಕೂರುತ್ತಿರಲಿಲ್ಲ. ಸಂಜೆಗೆ ಮುಂಚೆ ಗಂಜಾಂ ಕಡೆ ಹೆಜ್ಜೆ ಹಾಕಿದೆವು. ಅಂಜೂರದ ತೋಟಕ್ಕೆ ಹೆಸರಾದ ಗಂಜಾಂ. ಅಲ್ಲೊಂದು ಸಣ್ಣ ಇಗರ್ಜಿ ಇದೆ, ಅಬ್ಬೆ ದ್ಯುಬ್ವಾ ಹೆಸರಿನದು, 1800ರ ಸುಮಾರಿನ ಕಟ್ಟಡ. ಮೈಸೂರಿನ ಸಂತ ಫಿಲೋಮಿನಾ ನೋಡಿ ಬಂದ ಕಣ್ಣಿಗೆ ಅದು ಏನೇನೂ ಅಲ್ಲ. ಸುಣ್ಣ ಬಳಿದ ಗೋಡೆ, ತಗ್ಗು ಬಾಗಿಲು. ಭಾನುವಾರದ ಪೂಜೆ ಮುಗಿದು ಬೆಂಚುಗಳು ಖಾಲಿಯಿದ್ದವು. ಉಪದೇಶಿಯಾಗಿದ್ದ ಮುದುಕರೊಬ್ಬರು ಬೀಗದ ಕೈ ತಂದು ತೆರೆದರು. ಹುಡುಗ ಒಳಗೆ ಹೋಗಿ ಕೂತ. ಬೆಳಗಿನಿಂದ ಹುಡುಕುತ್ತಿದ್ದ ತನ್ನ ದೇಶದವನೊಬ್ಬ ಅವನಿಗೆ ಅಲ್ಲಿ ಸಿಕ್ಕಿದ.

ಝಾನ್ ಆಂತ್ವಾನ್ ದ್ಯುಬ್ವಾ ಹುಟ್ಟಿದ್ದು ಫ್ರಾನ್ಸಿನ ಆರ್ದೇಶ್ ಸೀಮೆಯ ಸಾಂ ರೆಮೇಜ್ ಎಂಬ ಹಳ್ಳಿಯಲ್ಲಿ. ಪ್ಯಾರಿಸ್ ವಿದೇಶಿ ಮಿಷನ್ನಿನ ಪಾದ್ರಿಯಾಗಿ 1792ರಲ್ಲಿ ಇಂಡಿಯಾಕ್ಕೆ ಬಂದ. ಆ ಫೆಬ್ರವರಿಯೇ ಕಾರ್ನ್‌ವಾಲಿಸ್ ನಾವು ಹತ್ತಿದ ಬೆಟ್ಟದ ಕೆಳಗೆ ಡೇರೆ ಹೊಡೆದದ್ದು. ಪಟ್ಟಣ ಬಿದ್ದ ಮೇಲೆ ಇಲ್ಲಿಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಅವನನ್ನು ಕರೆಸಿದರು. ನಮ್ಮವರ ಉಡುಪು ತೊಟ್ಟ, ರುಮಾಲು ಸುತ್ತಿದ, ಮಾಂಸ ಬಿಟ್ಟ. ಜನ ದೊಡ್ಡಸ್ವಾಮಿಯವರು ಅಂತ ಕರೆದರು. ಮೂವತ್ತು ವರ್ಷ ಈ ದೇಶದಲ್ಲಿದ್ದು, ನಮ್ಮ ಜಾತಿ, ಮದುವೆ, ಮಡಿ, ತಿಥಿ, ಸಂನ್ಯಾಸ ಎಲ್ಲವನ್ನೂ ಬರೆದಿಟ್ಟ. ಆ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದ್ರಾಸಿಗೆ ಕಳಿಸಿದ. 1807ರಲ್ಲಿ ಕಂಪನಿ ಸರ್ಕಾರ ಅದನ್ನು ಎರಡು ಸಾವಿರ ವರಹಕ್ಕೆ ಕೊಂಡಿತು.

ಮಾವನಿಗೆ ರೇಗಿದ್ದು ಅಲ್ಲೇ. ಇಗರ್ಜಿಯ ಜಗಲಿ ಮೇಲೆ ಇಬ್ಬರಿಗೂ ವಾಗ್ವಾದ ಹತ್ತಿಕೊಂಡಿತು. ‘ಎರಡು ಸಾವಿರ ವರಹ ಯಾಕೆ ಕೊಟ್ಟರು? ನಮ್ಮ ಮೇಲೆ ಪ್ರೀತಿಯಿಂದಲಾ? ಆಳುವವರಿಗೆ ಕೈಪಿಡಿ ಬೇಕಿತ್ತು, ಇವನು ಬರೆದುಕೊಟ್ಟ. ಬ್ರಾಹ್ಮಣರನ್ನು ಬೈದ, ಶೂದ್ರರನ್ನು ಕೀಳು ಮಾಡಿದ. ಮೂವತ್ತು ವರ್ಷ ನಮ್ಮ ಅನ್ನ ಉಂಡು ಕೊನೆಗೆ ಈ ಜನ ಕ್ರೈಸ್ತರಾಗುವುದು ಸಾಧ್ಯವೇ ಇಲ್ಲ ಅಂತ ಕೈ ಒದರಿ 1823ರಲ್ಲಿ ಹೊರಟುಹೋದ,’ ಅಂದರು ಮಾವ. ಹುಡುಗ ಸಮರ್ಥಿಸಲಿಲ್ಲ. ‘ಹೌದು, ಅವನಿಗೆ ತನ್ನ ಕಾಲದ ಕಣ್ಣೇ ಇತ್ತು. ಆದರೆ ಸೋತೆ ಅಂತ ಬರೆದು ಅಚ್ಚು ಹಾಕಿಸಿದ ಪಾದ್ರಿ ಎಷ್ಟು ಜನ ಇದ್ದಾರೆ?’ ಅಂದ. ಇನ್ನೊಂದು ವಿಷಯ ಆಗ ಇಬ್ಬರಿಗೂ ತಿಳಿದಿರಲಿಲ್ಲ. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಪುಸ್ತಕ ಅದನ್ನು ವಿವರವಾಗಿ ತೋರಿಸಿತು: ದ್ಯುಬ್ವಾನ ಗ್ರಂಥದ ಎಷ್ಟೋ ಭಾಗ ಅವನಿಗಿಂತ ಹಿಂದಿನ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿದ್ದು. ಮಾವನಿಗೆ ಅದು ಸಿಕ್ಕಿದ್ದರೆ ಆ ಸಂಜೆ ಕೊನೆ ಬಸ್ಸೂ ತಪ್ಪುತ್ತಿತ್ತು.

ಇಬ್ಬರ ಇಂಗ್ಲಿಷ್ ಜಗಳ ಅರ್ಥವಾಗದೆ ಬಾಗಿಲಿಗೆ ಒರಗಿ ನಿಂತಿದ್ದ ಉಪದೇಶಿಗಳು ನನ್ನನ್ನು, ‘ಏನಂತೆ ಮಗು?’ ಅಂದರು. ದೊಡ್ಡಸ್ವಾಮಿಗಳ ಪುಸ್ತಕದ ವಿಷಯ ಅಂದೆ. ‘ಪುಸ್ತಕದ ಸಂಗತಿ ನನಗೆ ತಿಳಿಯದು. ನಮ್ಮ ಹಿರೀಕರು ಹೇಳ್ತಿದ್ದದ್ದು ಬೇರೆ. ದೊಡ್ಡಸ್ವಾಮಿಗಳು ಊರೂರಿಗೆ ಹೋಗಿ ದಾಕು ಹಾಕಿಸಿದರಂತೆ,’ ಅಂದರು.

ದಾಕು ಅಂದರೆ ನಿಮಗೆಲ್ಲ ಗೊತ್ತಿಲ್ಲ, ಆ ಪುಣ್ಯ ನಿಮಗಿದೆ. ಸಿಡುಬಿಗೆ ಹಾಕುತ್ತಿದ್ದ ಲಸಿಕೆ. ಇಲ್ಲಿ ನೋಡಿ, ನನ್ನ ತೋಳಿನ ಮೇಲೆ ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಎರಡು ಗುಳಿ. ಉಪದೇಶಿಗಳು ಅಂಗಿ ತೋಳು ಸರಿಸಿ ತಮ್ಮದು ತೋರಿಸಿದರು. ಮಾವನ ತೋಳಲ್ಲೂ ಇತ್ತು. ಹುಡುಗ ನೋಡಿದ, ಏನು ಅಂತ ಕೇಳಿ ತಿಳಿದುಕೊಂಡ, ಜುಬ್ಬ ಏರಿಸಿ ತನ್ನ ತೋಳನ್ನೂ ಚಾಚಿದ. ಅವನಿಗೂ ಅದೇ ಗುಳಿ, ಒಂದೇ ಇತ್ತು. ಇಂಡಿಯಾ ಸಿಡುಬು ಮುಕ್ತ ಅಂತ 1977ರಲ್ಲಷ್ಟೇ ಘೋಷಣೆಯಾಗಿತ್ತು. ಊರ ಗೋಡೆಗಳ ಮೇಲೆ ಸಿಡುಬು ವರದಿ ಮಾಡಿದರೆ ಬಹುಮಾನ ಅನ್ನುವ ಬರಹ ಇನ್ನೂ ಮಾಸಿರಲಿಲ್ಲ.

ಮನೆಗೆ ಬಂದ ಮೇಲೆ ಮಾವ ಪುಸ್ತಕ ತಿರುವಿ ಹಾಕಿದರು. ಲೆಕ್ಕ ಸಿಕ್ಕಿತು. ಜೆನ್ನರನ ಲಸಿಕೆ ಮುಂಬಯಿಗೆ ಬಂದದ್ದು 1802ರಲ್ಲಿ. 1803 ಮತ್ತು 1804ರಲ್ಲಿ ದ್ಯುಬ್ವಾನ ಮುಂದಾಳುತನದಲ್ಲಿ ಲಸಿಕೆ ಹಾಕಿಸಿಕೊಂಡವರು 25,432 ಜನ. ಮೈಸೂರು ಅರಮನೆಯವರೂ ಅದೇ ಕಾಲಕ್ಕೆ ಹಾಕಿಸಿಕೊಂಡರಂತೆ. ಥಾಮಸ್ ಹಿಕಿ 1805ರಲ್ಲಿ ಬರೆದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುವುದು ದಾಕಿನ ಪ್ರಚಾರಕ್ಕೇ ಅಂತ ಇತ್ತೀಚೆಗೆ ಇತಿಹಾಸಕಾರರೊಬ್ಬರು ವಾದಿಸಿದ್ದಾರೆ.

ಹುಡುಗ ಆ ಬೇಸಿಗೆಗೇ ಊರಿಗೆ ಹೋದ. ಹೋದಮೇಲೆ ಒಂದು ಕಾಗದ ಬರೆದಿದ್ದ, ಕಾವೇರಿ ಸೀಮೆಯಲ್ಲಿ ಫ್ರೆಂಚ್ ರಾಕ್ಸ್ ಅನ್ನುವ ಊರಿದೆ ಅಂದರೆ ತನ್ನೂರಿನವರು ಯಾರೂ ನಂಬುತ್ತಿಲ್ಲ, ಮೇಷ್ಟರು ಆ ನಕಾಶೆಯ ಒಂದು ಫೋಟೋ ಕಳಿಸಬೇಕು ಅಂತ. ಮಾವ ಸ್ಟುಡಿಯೋದವನನ್ನು ಮನೆಗೇ ಕರೆಸಿ ಫೋಟೋ ತೆಗೆಸಿ ಕಳಿಸಿದರು. ತಲಕಾಡಿನ ಕಾಫಿ ಕಲೆಯೂ ಅದರಲ್ಲಿ ಬಿದ್ದಿತ್ತು.

ದ್ಯುಬ್ವಾನ ವಿಷಯಕ್ಕೆ ಮಾತ್ರ ಮಾವನ ಸಿಟ್ಟು ಇಳಿದಿರಲಿಲ್ಲ. ‘25,432 ಜನರಿಗೆ ದಾಕು ಹಾಕಿದವನನ್ನು ಬೈಯಲಾರೆ, ಆ ಪುಸ್ತಕ ಬರೆದವನನ್ನು ಹೊಗಳಲಾರೆ. ಪಾಠದಲ್ಲಿ ಇವನನ್ನು ಎಲ್ಲಿ ಕೂರಿಸಲಿ?’ ಅಂತ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ನನಗೆ ಆ ಅಂಕಿ ಓದಿದಾಗಿನಿಂದ ತಲೆಯಲ್ಲಿ ಬೇರೆಯೇ ಒಂದು ಕೊರೆಯುತ್ತಿತ್ತು. ಯುದ್ಧ ಮುಗಿದು ನಾಲ್ಕೈದು ವರ್ಷ. ಊರು ಸುಲಿಗೆಯಾಗಿದೆ, ಕೆರೆ ಏರಿ ಒಡೆದಿದೆ. ಬಿಳಿಯ ಅಂದರೆ ಬಂದೂಕು ಅಂತಲೇ ಕಂಡ ಜನ. ಸಿಡುಬು ಅಂದರೆ ಮಾರಮ್ಮ, ಅವಳಿಗೆ ತಂಪು ಎರೆಯಬೇಕೇ ಹೊರತು ಎದುರು ನಿಲ್ಲಬಾರದು ಅನ್ನುವ ಕಾಲ. ಅಂಥಲ್ಲಿ ಹಸುವಿನ ಕೀವು ತಂದಿದ್ದೇನೆ, ಚುಚ್ಚುತ್ತೇನೆ ಅಂತ ಪರದೇಶಿಯೊಬ್ಬ ಚಾಕು ಹಿಡಿದು ನಿಂತರೆ, ತಾಯಂದಿರು ಹೆದರಿಕೆ ನುಂಗಿಕೊಂಡು ಮಕ್ಕಳ ತೋಳು ಮುಂದೆ ಮಾಡಿದರಲ್ಲ. ಪಾದ್ರಿಯ ಹೆಸರಿದೆ, ಲಾಲಿಯ ಹೆಸರಿದೆ, ಹಡಗು ಮುರಿದುಕೊಂಡು ಬಂದ ರಿಪೋನ ಹೆಸರೂ ಇದೆ. ಆ ತಾಯಂದಿರದು ಒಬ್ಬರದೂ ಇಲ್ಲ, ಬರಿಯ ಮೊತ್ತವಿದೆ. ಧೈರ್ಯ ಅವರದಲ್ಲವಾ ಮಾವ ಅಂದೆ.

ಮಾವ ಕಲಸಿದ ತುತ್ತು ಹಾಗೇ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ‘ಸರಿ, ನಾಲ್ಕನೇ ಮೈಸೂರು ಯುದ್ಧ ಆದ ಮೇಲೆ ಅವರದ್ದೇ ಒಂದು ಪಾಠ ಮಾಡ್ತೀನಿ. ಪರೀಕ್ಷೆಗೆ ಬರಲ್ಲ, ಆದರೂ ಮಾಡ್ತೀನಿ,’ ಅಂದರು. ರಿಟೈರಾಗುವವರೆಗೂ ಮಾಡಿದರು.